ಯಂಕವ್ವ ಹೊಲಿದ ಮೂರನೆಯ ಕುಂಚಿಗೆ

ದುಂಡಸಿಯ ಯಂಕವ್ವ ಹೊಲಿದ ಕುಂಚಿಗೆ ಕಟ್ಟಿಕೊಳ್ಳದೆ ಬೆಳೆದ ಕೂಸು ಆ ಸುತ್ತಿನಲ್ಲಿ ಕಡಿಮೆ. ತಲೆಗೆ ಟೊಪ್ಪಿಗೆಯಾಗಿ, ಬೆನ್ನಿಗೆ ಸೆರಗಾಗಿ ಇಳಿಯುವ ಆ ಬಟ್ಟೆ ಥಂಡಿಯನ್ನೂ ತಡೆಯುತ್ತದೆ, ಕೆಟ್ಟ ಕಣ್ಣನ್ನೂ ತಡೆಯುತ್ತದೆ ಎಂದು ಜನ ನಂಬಿದ್ದರು. ಯಂಕವ್ವನೂ ನಂಬಿದ್ದಳು. ಆದರೆ ಸವಣೂರಿಗೆ ಕೊಟ್ಟ ಅವಳ ಮಗಳು ಜಯಾಳ ಎರಡು ಕೂಸುಗಳು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋದವು. ಆ ಎರಡಕ್ಕೂ ಅವಳು ಹೊಸ ಖಣದಲ್ಲಿ, ಕನ್ನಡಿ ಕೂರಿಸಿ ಕುಂಚಿಗೆ ಹೊಲಿದಿದ್ದಳು. ಮೊಮ್ಮಕ್ಕಳು ಚೆಂದ ಕಾಣಲಿ ಎಂಬ ಆಸೆ. ಆ ಆಸೆಯೇ ಮುಳುವಾಯಿತೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಜಯಾ ಮೂರನೆಯ ಸಲ ಬಸುರಾದಾಗ ಯಂಕವ್ವ ಸೆರಗೊಡ್ಡಿ ಹೊರಟಳು. ಮಕ್ಕಳು ಗಟ್ಟಿಮುಟ್ಟಾಗಿರುವ ಐದು ಮನೆಗಳ ಹಳೆಯ ಬಟ್ಟೆ ಬೇಡಿ ತಂದು ಹೊಲಿದರೆ ಆ ಮಕ್ಕಳ ಆಯುಷ್ಯ ಕೂಸಿಗೂ ಅಂಟುತ್ತದಂತೆ.

“ಊರಿಗೆಲ್ಲ ಹೊಲಿದಾಕಿ ಚಿಂದಿ ಬೇಡಾಕ ಬಂದಿಯೇನ?” ಎಂದಳು ಓರಗೆಯ ನಾಗವ್ವ. “ತೊಗೊ, ನನ್ನ ಮೊಮ್ಮಗನ ಚಡ್ಡಿ. ಎರಡ ಸಲ ಮರದಿಂದ ಬಿದ್ದಾನ, ಒಮ್ಮೆ ಚೇಳ ಕಡದೈತಿ. ಚೇಳ ಸತ್ತಿರಬೇಕು, ಇವಂಗೇನೂ ಆಗಿಲ್ಲ.”

“ಅಂಥದ್ದ ಬೇಕಾಗೇತಿ ನನಗ,” ಎಂದು ಯಂಕವ್ವ ಅದನ್ನು ಕಣ್ಣಿಗೊತ್ತಿಕೊಂಡಳು.

ಕುಂಚಿಗೆ ಆಯಿತು. ಕೊನೆಯ ಮೂಲೆಯೊಂದನ್ನು ಮಾತ್ರ ಪದ್ಧತಿಯಂತೆ ಹೊಲಿಯದೆ ಬಿಟ್ಟಳು. ಕೂಸಿಗೆ ಕಟ್ಟಿದ ಮೇಲೆ ಅದರೊಳಗೆ ರೊಟ್ಟಿಯ ಚೂರಿಟ್ಟು ಹೊಲಿಯಬೇಕು. ಕುಂಚಿಗೆಯ ಹೊಟ್ಟೆ ತುಂಬಿದರೆ ಕೂಸು ಎಂದೂ ಹಸಿಯುವುದಿಲ್ಲ.

ಏಳನೆಯ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಕೂಸು. ಸವಣೂರಿನ ಒಂದು ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಕುಂಚಿಗೆ, ಸೂಜಿ, ರೊಟ್ಟಿ ಗಂಟು ಕಟ್ಟಿಕೊಂಡು ಯಂಕವ್ವ ಬಸ್ಸು ಹತ್ತಿ ಬಂದಳು.

“ಹೊರಗಿನ ಅರಿವಿ ಒಳಗ ಒಯ್ಯಾಕ ಬರೂದಿಲ್ಲರಿ ಆಯಿ,” ಎಂದಳು ನರ್ಸ್ ತನುಜಾ. “ನಂಜ ಆಗತೈತಿ.”

“ಕುದಿಯೂ ನೀರಾಗ ಹಾಕಿ ತಗದೇನವ್ವಾ. ಹೊದಸೂದ ಬ್ಯಾಡ, ಕಾಲಕಡೆ ಇಡು ಸಾಕು.”

“ನನ್ನ ಕೈಯಾಗಿಲ್ಲರಿ. ಕೂಸು ಹೊರಗ ಬಂದ ದಿನ ನಾನ ನಿಂತು ಕಟ್ಟಸ್ತೇನಿ.”

ಮೂರು ದಿನ ಯಂಕವ್ವ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಂಚಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾಲ್ಕನೆಯ ದಿನ ಮಧ್ಯಾಹ್ನ ತನುಜಾ ಕೂಸನ್ನು ಹೊರಗೆ ತಂದಳು. ಬಿಳಿ ಬಟ್ಟೆಯಲ್ಲಿ ಮುಖವೂ ಮುಚ್ಚುವಂತೆ ಸುತ್ತಿದ್ದರು. ಆಡಿದ ಮಾತು ಅವಳಿಗೆ ನೆನಪಿತ್ತು. ಬಟ್ಟೆ ಸರಿಸಿ, ಕೂಸಿನ ತಲೆಯನ್ನು ಅಂಗೈಯಲ್ಲಿ ಹಿಡಿದು ನಿಂತಳು.

ಯಂಕವ್ವ ಕುಂಚಿಗೆ ಕಟ್ಟಿದಳು. ಬೆಳೆಯುವ ಕೂಸೆಂದು ಎರಡು ಬೆರಳು ಸಡಿಲ ಬಿಟ್ಟಿದ್ದಳು. ಟೊಪ್ಪಿಗೆ ಕಣ್ಣಿನ ಮೇಲೆ ಜಾರಿತು. ರೊಟ್ಟಿ ಒಣಗಿ ಕಲ್ಲಾಗಿತ್ತು. ಹಲ್ಲು ಬರದ ಕೂಸಿಗೆ ಮೆದು ಮಾಡಿ ಕೊಡುವಂತೆ ಬಾಯಲ್ಲಿಟ್ಟು ಅಗಿದು ಅಗಿದು ಮೂಲೆಗೆ ಸೇರಿಸಿದಳು.

“ಇನ್ನ ಯಾಕ ಹೊಲೀತಿ ಅವ್ವಾ?” ಎಂದಳು ಗೋಡೆಗೊರಗಿದ್ದ ಜಯಾ.

“ಹಸಗೊಂಡ ಹೋಗಬಾರದು.”

ಸೂಜಿಗೆ ದಾರ ಪೋಣಿಸಲು ಯಂಕವ್ವನಿಗೆ ಆಗಲಿಲ್ಲ. ಜಯಾ ಅವಳ ಕೈಯಿಂದ ತೆಗೆದುಕೊಂಡು ಪೋಣಿಸಿ ಕೊಟ್ಟಳು.

ಈಗಲೂ ಯಾರಾದರೂ ಕುಂಚಿಗೆ ಕೇಳಿಕೊಂಡು ದುಂಡಸಿಗೆ ಬರುತ್ತಾರೆ. ಯಂಕವ್ವ ಅವರನ್ನು ಕೂರಿಸಿ ಚಹಾ ಕೊಡುತ್ತಾಳೆ.

“ಪ್ಯಾಟ್ಯಾಗ ಉಣ್ಣಿ ಟೊಪಿಗಿ ಸಿಗತಾವು, ತೊಗೊರ್ರಿ,” ಎನ್ನುತ್ತಾಳೆ. “ನನ್ನ ಹೊಲಿಗಿ ಏನನ್ನೂ ತಡಿಯೂದಿಲ್ಲ.”