ಎದೆಯ ಮೇಲಿನ ಜೇಬು

ಶಿಕಾರಿಪುರದ ನಮ್ಮ ದರ್ಜಿ ಸಾಬರು ಹೊಲಿಗೆಯ ವಿಷಯ ಏನು ಕೇಳಿದರೂ ದಾರ ಕಚ್ಚಿಕೊಂಡೇ "ನೋಡಾಣ ರೀ" ಅನ್ನುತ್ತಿದ್ದರು. ೧೯೫೮ರಲ್ಲಿ ನಾನು ದಿನಚರಿಯಲ್ಲಿ ದಿನಕ್ಕೊಂದು ಪದದ ಮೂಲ ಬರೆಯುತ್ತಿದ್ದೆ. ಆಷಾಢದ ಒಂದು ಸೋಮವಾರ, 'ಜೇಬು' ಎಲ್ಲಿಂದ ಬಂತೆಂದು ಅವರನ್ನು ಕೇಳಿದೆ.

"ಅರಬ್ಬಿಯಿಂದ ರೀ. ಅಲ್ಲಿ ಮೊದ್ಲು ಅಂಗಿ ಎದೆಭಾಗಕ್ಕೇ ಹಂಗಂತಿದ್ರಂತೆ."

ಅಷ್ಟರಲ್ಲಿ ಉಡುತಡಿಯ ಹೆಂಗಸೊಬ್ಬರು ತೀರಿಹೋದ ಗಂಡನ ಅಂಗಿ ತಂದರು. ಅದರಲ್ಲಿ ಮಗಳಿಗೆ ಪೋಲಕ ಹೊಲಿಸಬೇಕಿತ್ತು. ಕತ್ತರಿ ಕಂಡೊಡನೆ ಅಂಗಿಯನ್ನು ಕೈಬಿಡಲಾರದೆ ನಿಂತರು.

"ಕತ್ತರಿಸಿದ್ ಮೇಲೆ ಅವ್ರದ್ದು ಅಂತ ಏನ್ ಉಳೀತದೆ ಸಾಬ್ರೇ?"

"ನೋಡಾಣ ರೀ."

ಮರುದಿನ ಅವರು ಮಗಳನ್ನು ಕರೆದುಕೊಂಡು ಬಂದು ನೋಡಿದರೆ, ಪುಟ್ಟ ಪೋಲಕದ ಎದೆಯ ಮೇಲೆ ಆ ದೊಡ್ಡ ಜೇಬು ಇದ್ದ ಹಾಗೇ ಕೂತಿತ್ತು.

"ಹೆಣ್ಮಗೀಗೆ ಜೇಬಾ? ಊರೋರು ನಗ್ತಾರೆ!" ಎಂದು ತಾಯಿ ತಾವೇ ನಕ್ಕರು.

ಮಗಳು ಆಗಲೇ ಅದರೊಳಗೆ ಕೈಹಾಕಿ, ಅಪ್ಪ ತರುತ್ತಿದ್ದ ಹುರಿಗಡಲೆ ಹುಡುಕುತ್ತಿದ್ದಳು.