ಪಿಕಪ್ಪಿನ ಮೂತಿ ಎತ್ತಿಸಿದ ನಂಜಪ್ಪ ಮಾವ

ನಂಜಪ್ಪ ಮಾವನ ಹಣೆಯ ನಡುವೆ ಗೋಲಿಯಷ್ಟು ದಪ್ಪದ ಒಂದು ಗಂಟಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ಬಾಗಿಲಿನಿಂದ ಬಂದದ್ದು. ಕೊಣನೂರಿನ ನಮ್ಮ ಮನೆಯ ಬಾಗಿಲು ಗಿಡ್ಡ. ಬಂದವರೆಲ್ಲ ಬಗ್ಗಿ ಒಳಗೆ ಕಾಲಿಟ್ಟರೆ, ಮಾವ ಮಾತ್ರ ಎದೆ ಸೆಟೆಸಿಕೊಂಡು ಬಂದು ಮೇಲಿನ ಅಡ್ಡಪಟ್ಟಿಗೆ ಹಣೆ ಬಡಿಸಿಕೊಂಡು, ಆಮೇಲೆ ಬಾಗಿಲಿಗೆ ಬಯ್ಯುತ್ತಿದ್ದರು.

"ಯಾವನ್ಲಾ ಈ ಬಾಗ್ಲು ಮಡಗ್ದೋನು? ಮನ್ಸ ಅನ್ನೋನು ಬಗ್ಗಿ ಬರ್ಬೇಕಾ?"

ಅವರ ಅಕ್ಕ, ಅಂದರೆ ನನ್ನ ಅವ್ವ, ಅರಿಶಿನ ಅರೆದು ತಂದು ಹಚ್ಚುತ್ತ "ಒಂದ್ ಚೂರು ಬಗ್ಗುದ್ರೆ ನಿನ್ ಗಂಟೇನ್ ಓಯ್ತದೆ ನಂಜಾ" ಅನ್ನುವಳು. ಮಾವ ಕಾಫಿ ಕುಡಿದು, ಹೊರಗೆ ಹೋಗುವಾಗ ಇನ್ನೊಂದು ಸಲ ಬಡಿಸಿಕೊಂಡು ಹೋಗುವರು.

ಮಾವನ ಊರು ಬಾಗೂರು. ಕಸುಬು ಶಾಮಿಯಾನ. ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ಯಾರ ಮನೆಯಲ್ಲಿ ಮದುವೆಯಾಗಲಿ, ತಿಥಿಯಾಗಲಿ, ನೆರಳು ಇವರದು, ಕುರ್ಚಿ ಇವರದು, ಅನ್ನ ಬೇಯಿಸುವ ಹಂಡೆ ಇವರದು. ಹಾಗಾಗಿ ಕಾರ್ಯವೂ ತಮ್ಮದೇ ಎಂದು ಮಾವ ತಿಳಿದಿದ್ದರು. ವರನ ತಂದೆ ನಿಂತಿದ್ದರೂ ಮಾವ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು. ಅದು ಸರಿಯಲ್ಲ ಎಂದು ನಾನೊಮ್ಮೆ ಮೆಲ್ಲಗೆ ಹೇಳಿದೆ. "ಕುರ್ಚಿ ನಂದು ಕಣವ್ವ. ನನ್ ಕುರ್ಚಿ ಮ್ಯಾಲೆ ಅವ್ರನ್ನೆಲ್ಲ ಕೂರ್ಸಿರೋನು ನಾನು" ಎಂದರು. ಅದಕ್ಕೆ ಉತ್ತರ ಹೇಳುವ ಶಕ್ತಿ ನನ್ನ ಬಿ.ಎಡ್.ಗೆ ಇರಲಿಲ್ಲ. ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಟೀಚರ್. ಆ ಕಾರಣಕ್ಕೆ ಮಾವ ನನ್ನನ್ನು 'ಮೇಷ್ಟ್ರಮ್ಮ' ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತು ಎಂದು ನಾನು ಹೆಚ್ಚು ವಿಚಾರಿಸಲು ಹೋಗಲಿಲ್ಲ.

ಮಾವನ ಹೆಂಡತಿ ಗೌರತ್ತೆ ಸಣ್ಣ ಆಳು, ಸಣ್ಣ ದನಿ. ಮಾವ ಗಂಟೆಗಟ್ಟಲೆ ಆಡಿದ ಮಾತಿಗೆ ಅವರು ಒಂದೇ ಮಾತು ಆಡುತ್ತಿದ್ದರು. ಅದು ಸಾಕಾಗುತ್ತಿತ್ತು.

ಬಾಡಿಗೆ ಟೆಂಪೋಗಳ ಹಿಂದೆ ಅಲೆದು ಸಾಕಾಗಿ ಮಾವ ಹೊಸ ಪಿಕಪ್ಪು ತಂದರು. ಪೂಜೆಯಾಯಿತು, ನಿಂಬೆಹಣ್ಣು ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಯಿತು, ನಾವೆಲ್ಲ ಸಿಹಿ ತಿಂದೆವು. ಮಾವ ಮಾತ್ರ ಗಾಡಿಯ ಒಂದು ಪಕ್ಕಕ್ಕೆ ದೂರ ನಿಂತು, ಒಂದು ಕಣ್ಣು ಮುಚ್ಚಿ, ಕುರಿ ವ್ಯಾಪಾರಿಯ ಹಾಗೆ ನೋಡುತ್ತಿದ್ದರು.

"ಇದೇನಿದು, ಹಿಂದ್ಗಡೆ ಮ್ಯಾಲ್ ಎದ್ದದೆ, ಮುಂದ್ಗಡೆ ಬಗ್ಗ್ಕಂಡದೆ? ಸಾಹೇಬ್ರ ಮುಂದೆ ಕೈ ಕಟ್ಕಂಡ್ ನಿಂತಿರೋ ಜವಾನನಂಗದೆ!"

ಗಾಡಿ ಮಾರಿದ ಹುಡುಗರು ವಿವರಿಸಿದರು. ಪಿಕಪ್ಪು ಅನ್ನುವುದು ಭಾರ ಹೊರಲಿಕ್ಕೆ ಹುಟ್ಟಿದ್ದು. ಖಾಲಿ ಇರುವಾಗ ಹಿಂಭಾಗ ಎತ್ತರವೇ. ಸಾಮಾನು ಬಿದ್ದಾಗ ಹಿಂದೆ ತಗ್ಗಿ ಸಮವಾಗುತ್ತದೆ. ಎಲ್ಲ ಗಾಡಿಯೂ ಹೀಗೇ. ಮಾವ ತಾಳ್ಮೆಯಿಂದ ಕೇಳಿಸಿಕೊಂಡು, "ಎಲ್ಲಾರ್ ಗಾಡೀನೂ ಬಗ್ಗುದ್ರೆ ನಂದೂ ಬಗ್ಬೇಕಾ?" ಎಂದರು.

ಅಂದಿನಿಂದ ಶುರುವಾಯಿತು ಸಮಾಲೋಚನೆ. ಹೆಣ್ಣು ಹುಡುಕುವಾಗಲೂ ಮಾವ ಇಷ್ಟು ಊರು ಸುತ್ತಿರಲಿಲ್ಲವಂತೆ. ಹಾಸನದ ಮೆಕ್ಯಾನಿಕ್ ಬಾನೆಟ್ಟು ಕೂಡ ತೆರೆಯದೆ "ಬ್ಯಾಡಿ ಸಾ, ಕಂಪ್ನಿಯೋರು ಎಂಗ್ ಕೊಟ್ಟವ್ರೋ ಅಂಗೇ ಬುಡಿ" ಎಂದ. ಅವನಿಗೆ ಧೈರ್ಯ ಸಾಲದು ಎಂದು ಮಾವ ತೀರ್ಮಾನಿಸಿದರು. ಅರಕಲಗೂಡಿನವನು, ಅಷ್ಟು ಬೇಸರವಾದರೆ ಹಿಂದಿನ ಸ್ಪ್ರಿಂಗಿನಿಂದ ಒಂದು ಪ್ಲೇಟು ತೆಗೆದು ಹಿಂಭಾಗ ಇಳಿಸೋಣ ಎಂದ. "ತಲೆ ಎತ್ಸಪ್ಪಾ ಅಂದ್ರೆ ಕಾಲ್ ಕಡೀತೀನಿ ಅಂತಾನಲ್ಲ!" ಎಂದು ಮಾವ ಅಲ್ಲಿಂದಲೂ ಎದ್ದು ಬಂದರು. ಹೊಳೆನರಸೀಪುರದಲ್ಲಿ ನಮ್ಮ ಸ್ಕೂಲಿನ ಎದುರಿನ ಗ್ಯಾರೇಜಿನವನು ಮಾವ ಪ್ರಶ್ನೆ ಮುಗಿಸುವ ಮೊದಲೇ "ಎತ್ಬುಡಣ ಸಾ" ಎಂದ. ಇಷ್ಟು ದೊಡ್ಡ ಜಿಲ್ಲೆಯಲ್ಲಿ ಕೆಲಸ ಬಲ್ಲವನು ಇವನೊಬ್ಬನೇ ಎಂದು ಮಾವನಿಗೆ ಖಾತ್ರಿಯಾಯಿತು.

ಮುಂದಿನ ಚಕ್ರಗಳ ಭಾರ ಹೊರುವ ಉದ್ದನೆಯ ಕಂಬಿಗಳಿರುತ್ತವಂತೆ, ಬೋಲ್ಟು ಬಿಗಿದು ಅವುಗಳನ್ನು ತಿರುಚಿದಷ್ಟೂ ಮೂತಿ ಮೇಲೇಳುತ್ತದಂತೆ. ಗ್ಯಾರೇಜಿನವನು ಬಿಗಿದ. ಮಾವ "ಇನ್ನೊಂಚೂರು" ಎಂದರು. ಅವನು ಇನ್ನೊಂಚೂರು ಬಿಗಿದ.

ಬಾಗೂರಿಗೆ ಬಂದವರೇ ಮಾವ ಗಾರೆ ಕೆಲಸದವರ ಹತ್ತಿರ ರಸಮಟ್ಟ ಇಸಿದುಕೊಂಡು ಬಂದು ಗಾಡಿಯ ಮೈಮೇಲೆ ಇಟ್ಟರು. ಗಾಜಿನ ಕೊಳವೆಯೊಳಗೆ ಗುಳ್ಳೆ ನಟ್ಟನಡುವೆ ನಿಂತಿತು. ಆ ಗುಳ್ಳೆಯನ್ನು ನೋಡಲು ಬಾಗೂರಿನ ಗಣ್ಯರೆಲ್ಲ ಬಂದು ಹೋದರು. ನಾನು ಹೋದಾಗಲೂ ತೋರಿಸಿದರು.

"ಏನ್ ಮೇಷ್ಟ್ರಮ್ಮ, ಎಂಗದೆ?"

"ಗುಳ್ಳೆ ಚೆನ್ನಾಗಿದೆ ಮಾವ" ಎಂದೆ.

ತೊಂದರೆ ಇದ್ದದ್ದು ಒಂದೇ. ಗಾಡಿ ಓಡಬೇಕಾಗಿತ್ತು. ಖಾಲಿ ಓಡಿದರೆ ರಸ್ತೆಯ ಸಣ್ಣ ಕಲ್ಲು ಕೂಡ ನೇರವಾಗಿ ಬೆನ್ನುಮೂಳೆಗೆ ಬಂದು ತನ್ನ ಪರಿಚಯ ಹೇಳುತ್ತಿತ್ತು. ಮುಂದಿನ ಟೈರುಗಳು ಒಂದೇ ಪಕ್ಕಕ್ಕೆ ಸವೆದವು. ಇನ್ನು ಕಂಬ, ಹಂಡೆ, ಕುರ್ಚಿ ಹೇರಿದಾಗಂತೂ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿತ್ತು. ಸಂಜೆ ದೀಪ ಹಾಕಿದರೆ ರಸ್ತೆ ಬಿಟ್ಟು ಉಳಿದದ್ದೆಲ್ಲ ಕಾಣುತ್ತಿತ್ತು. ಯಾರ ತೆಂಗಿನಮರದಲ್ಲಿ ಕಾಯಿ ಬಲಿತಿದೆ ಎಂಬುದನ್ನು ಮಾವ ಡ್ರೈವಿಂಗ್ ಸೀಟಿನಿಂದಲೇ ಹೇಳಬಲ್ಲವರಾದರು. ಎದುರಿನಿಂದ ಬಂದವರು ಕಣ್ಣು ಕೋರೈಸಿ ಬಯ್ದರೆ, "ನೋಡ್ದ, ದಾರಿ ಬುಡ್ತಾವ್ರೆ" ಎಂದು ಸಂತೋಷಪಡುತ್ತಿದ್ದರು.

ಗೌರತ್ತೆ ಕೆಲವು ದಿನ ಆ ಗಾಡಿಯಲ್ಲೇ ಓಡಾಡಿದರು. ಒಂದು ಭಾನುವಾರ ನಾನು ಬಾಗೂರಿನಲ್ಲಿದ್ದೆ. ಅತ್ತೆ ನನ್ನ ಜೊತೆ ಹೊಳೆನರಸೀಪುರಕ್ಕೆ ಹೊರಟಿದ್ದರು. ಮಾವ ಪಿಕಪ್ಪು ಚಾಲೂ ಮಾಡಿ ಬಾಗಿಲು ತೆರೆದು ಹಿಡಿದರು.

"ನೀವ್ ಓಗಿ" ಎಂದರು ಅತ್ತೆ. "ನಾವು ಬಸ್ಸಲ್ ಬತ್ತೀವಿ."

"ಮನೇಲಿ ಗಾಡಿ ಮಡಿಕ್ಕಂಡು ಬಸ್ಸಾ? ಜನ ಏನಂದಾರು?"

"ನಿಮ್ ಗಾಡಿ ತಲೆ ಎತ್ತು, ನನ್ ಸೊಂಟ ಬಿತ್ತು. ಸರ್ಕಾರ ಪುಕ್ಸಟ್ಟೆ ಬಸ್ ಬುಟ್ಟದೆ." ಅತ್ತೆ ಆಧಾರ್ ಕಾರ್ಡನ್ನು ಬ್ಲೌಸಿನಿಂದ ತೆಗೆದು ಮಾವನ ಮುಖದ ಮುಂದೆ ಹಿಡಿದು, ಮತ್ತೆ ಒಳಗಿಟ್ಟರು.

ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತೆವು. ಊರು ದಾಟುತ್ತಿದ್ದಂತೆ ಹಿಂದಿನ ಗಾಜಿನಲ್ಲಿ ಒಂದು ಮೂತಿ ಕಾಣಿಸಿತು. ಹಾರ್ನ್ ಹೊಡೆಯದೆ, ಮುಂದೆ ಹೋಗದೆ, ಪಿಕಪ್ಪು ನಮ್ಮ ಬಸ್ಸಿನ ಹಿಂದೆಯೇ ಬರುತ್ತಿತ್ತು. ಬಸ್ಸು ನಿಂತಲ್ಲಿ ಮಾವ ಇಳಿದು ಕಿಟಕಿಯ ಹತ್ತಿರ ಬಂದರು.

"ಬಾರೆ ಗೌರಿ. ನಿಧಾನಕ್ ಓಡುಸ್ತೀನಿ."

ಅತ್ತೆ ಎದುರಿಗಿದ್ದ ಹುಣಿಸೆಮರ ನೋಡುತ್ತ ಕೂತರು. ಮುಂದಿನ ಸ್ಟಾಪಿನಲ್ಲಿ ಮಾವ ಮತ್ತೆ ಬಂದರು. ಅಷ್ಟರಲ್ಲಿ ಬಸ್ಸಿನವರಿಗೆಲ್ಲ ವಿಷಯ ತಿಳಿದು ಎರಡು ಪಕ್ಷಗಳಾಗಿದ್ದವು. ಗಂಡಸರು ಮಾವನ ಕಡೆ, ಹೆಂಗಸರು ಅತ್ತೆಯ ಕಡೆ, ಕಂಡಕ್ಟರು ಅಲಿಪ್ತ.

"ಯಾರವ್ವ ಅದು, ನಿನ್ ಹಿಂದೆ ಬಿದ್ದಿರೋನು?" ಎಂದು ಒಬ್ಬ ಮುದುಕಿ ಕೇಳಿದಳು.

"ಯಾರೋ ಶಾಮಿಯಾನದೋರಂತೆ" ಎಂದರು ಅತ್ತೆ.

ಮತ್ತೊಂದು ಸ್ಟಾಪಿನಲ್ಲಿ ಮಾವ ಉಪ್ಪುಖಾರ ಹಚ್ಚಿದ ಸೌತೆಕಾಯಿ ತಂದು ಕಿಟಕಿಯೊಳಗೆ ಕೈ ಚಾಚಿದರು. ಅತ್ತೆ ಸೌತೆಕಾಯಿ ತೆಗೆದುಕೊಂಡರು. ಕಿಟಕಿ ಎಳೆದುಕೊಂಡರು. ಹೊಳೆನರಸೀಪುರದವರೆಗೂ ಮಾವ ಬಸ್ಸಿನ ಹೊಗೆ ಕುಡಿಯುತ್ತ ಬಂದರು. ಮೂತಿ ಮಾತ್ರ ಇಳಿಸಲಿಲ್ಲ.

ಅತ್ತೆ ಮತ್ತೆ ಆ ಗಾಡಿ ಹತ್ತಿದ್ದು ತಮ್ಮ ತಂಗಿಯ ಮನೆಯ ಗೃಹಪ್ರವೇಶಕ್ಕೆ. ಅರಕಲಗೂಡಿನ ಆಚೆಯ ಹಳ್ಳಿ, ಬಸ್ಸು ಸರಿಯಾಗಿಲ್ಲ. ಮಾವ ನಿಧಾನವಾಗಿ ಹೋಗುತ್ತೇನೆಂದು ಆಣೆ ಮಾಡಿದರು. ನಿಧಾನವಾಗಿಯೇ ಹೋದರಂತೆ. ಹಿಂದೆ ಕಬ್ಬಿಣದ ಕಂಬಗಳು ಗಾಡಿಯಿಂದ ಹೊರಗೆ ಚಾಚಿದ್ದವು, ಹಂಡೆಗಳಿದ್ದವು, ಕುರ್ಚಿಗಳಿದ್ದವು. ಮುಂದಿನ ಚಕ್ರಗಳು ನೆಲ ಮುಟ್ಟಿಯೂ ಮುಟ್ಟದ ಹಾಗಿದ್ದವು. ಒಂದು ಇಳಿಜಾರಿನ ತಿರುವಿನಲ್ಲಿ ಮೇಕೆ ಕಾಯುವ ಮುದುಕನೊಬ್ಬ ರಸ್ತೆ ದಾಟುತ್ತಿದ್ದ. ಮಾವ ಸ್ಟೇರಿಂಗ್ ತಿರುಗಿಸಿದರು. ಗಾಡಿ ತಿರುಗಲಿಲ್ಲ. ಮುದುಕ ಹಾರಿ ಪಕ್ಕಕ್ಕೆ ಬಿದ್ದ, ಮೇಕೆಗಳು ಚೆಲ್ಲಾಪಿಲ್ಲಿಯಾದವು, ಪಿಕಪ್ಪು ನೆಟ್ಟಗೆ ಶುಂಠಿ ಹೊಲಕ್ಕೆ ನುಗ್ಗಿ ನಿಂತಿತು. ಕುರ್ಚಿಗಳು ಹೊಲದ ತುಂಬ ಹರಡಿಕೊಂಡವು, ಯಾರೋ ಅಲ್ಲಿ ಸಭೆ ಕರೆದ ಹಾಗೆ. ಮುದುಕ ಎದ್ದು ಬಂದು ಅದರಲ್ಲೊಂದು ಕುರ್ಚಿಯ ಮೇಲೆ ಕೂತು ಬಯ್ಯತೊಡಗಿದನಂತೆ.

"ಮೋಡ ನೋಡ್ಕಂಡ್ ಗಾಡಿ ಓಡುಸ್ತಿಯೇನಪ್ಪಾ? ನಾವು ನೆಲದ್ ಮ್ಯಾಲೆ ಓಡಾಡೋ ಜನ!"

ಮಾವನಿಗೆ ಅದು ಕೇಳಿಸಿರಲಿಲ್ಲ. ಪಕ್ಕದಲ್ಲಿ ಅತ್ತೆಯ ಬಲ ಮಣಿಕಟ್ಟು ಮುರಿದು ತೂಗುತ್ತಿತ್ತು.

ಸುದ್ದಿ ಕೇಳಿ ನಾನು ಅರಕಲಗೂಡಿನ ಆಸ್ಪತ್ರೆಗೆ ಓಡಿದೆ. ಅತ್ತೆಯನ್ನು ಒಳಗೆ ಕರೆದೊಯ್ದಿದ್ದರು. ಮಾವ ಹೊರಗಿನ ಬೆಂಚಿನ ಮೇಲೆ, ಅತ್ತೆಯ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ತಿರುಗಿಸ್ದೆ ಕಣವ್ವ" ಎಂದರು. "ಪೂರ್ತಿ ತಿರುಗಿಸ್ದೆ. ಅದು ನನ್ ಮಾತೇ ಕೇಳ್ನಿಲ್ಲ." ಚಪ್ಪಲಿಗೆ ಅಂಟಿದ ಹೊಲದ ಮಣ್ಣನ್ನು ಬೆರಳಿನಿಂದ ಒರೆಸುತ್ತ, "ಅವ್ಳು ಕೂಗ್ಲೂ ಇಲ್ಲ ಕಣವ್ವ. ಕೂಗಿದ್ರೆ ವಾಸಿಯಾಗಿತ್ತು" ಎಂದರು.

ಅತ್ತೆಯ ಕೈಗೆ ಪ್ಲಾಸ್ಟರ್ ಕಟ್ಟು ಹಾಕಿದ್ದಷ್ಟು ದಿನವೂ ಮನೆಗೆಲಸ ಮಾವನದಾಯಿತು. ಮುದ್ದೆ ತಿರುವಿದರು, ಅದರಲ್ಲಿ ಗಂಟುಗಳಿದ್ದವು. ಸಾರು ಮಾಡಿದರು, ಅದರಲ್ಲಿ ಉಪ್ಪಿತ್ತು, ಬೇರೆ ಏನಿತ್ತೆಂದು ಹೇಳುವುದು ಕಷ್ಟ. ಬೆಳಿಗ್ಗೆ ಅತ್ತೆಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ತಲೆ ಬಾಚುವುದನ್ನು ನಾನೇ ಕಂಡೆ.

"ಜಡೆ ನೋಡವ್ವ ಇವ್ರು ಹಾಕಿರದ" ಎಂದರು ಅತ್ತೆ. "ಶಾಮಿಯಾನದ ಹಗ್ಗ ಬಿಗ್ದಂಗೆ ಬಿಗ್ದವ್ರೆ. ಕಣ್ ಮುಚ್ಚಕ್ಕೂ ಆಯ್ತಿಲ್ಲ."

"ಗಾಳಿಗೆ ಬಿಚ್ಕಬಾರ್ದಲ್ಲ" ಎಂದರು ಮಾವ.

ತಪ್ಪಾಯಿತು ಎಂಬ ಮಾತನ್ನು ಮಾವ ಆಡಲೇ ಇಲ್ಲವಂತೆ. ಅತ್ತೆ ಅದಕ್ಕೆ ಕಾಯಲೂ ಇಲ್ಲವಂತೆ.

ಆಮೇಲೊಂದು ದಿನ ಸ್ಕೂಲಿನಿಂದ ಹೊರಬಂದರೆ ಎದುರಿನ ಗ್ಯಾರೇಜಿನಲ್ಲಿ ಮಾವನ ಪಿಕಪ್ಪು. ಮಾವ ಪ್ರಶ್ನೆ ಮುಗಿಸುವ ಮೊದಲೇ ಗ್ಯಾರೇಜಿನವನು "ಇಳಿಸ್ಬುಡಣ ಸಾ" ಎಂದಿದ್ದಿರಬೇಕು. ಅವನ ಜ್ಞಾನ ಎರಡೂ ದಿಕ್ಕಿಗೆ ಸಮನಾಗಿತ್ತು. ನಾನು ಹತ್ತಿರ ಹೋದಾಗ ಕೆಲಸ ಮುಗಿದಿತ್ತು. ಗಾಡಿ ಕಂಪನಿಯವರು ಕೊಟ್ಟ ಹಾಗೆಯೇ ಮುಂದಕ್ಕೆ ಬಾಗಿ ನಿಂತಿತ್ತು.

"ಇಳಿಸಿದ್ರಾ ಮಾವ?"

"ನಾನ್ಯಾಕವ್ವ ಇಳಿಸ್ಲಿ?" ಎಂದರು ಮಾವ, ರಸ್ತೆಯ ಆಚೆ ನೋಡುತ್ತ. "ಅದ್ಕೇ ಸಾಕಾಗಿ ತಾನೇ ಇಳ್ಕಂಡದೆ."

ಮಾವ ತೀರಿಕೊಂಡದ್ದು ಹೋದ ಮಳೆಗಾಲದಲ್ಲಿ. ದಂಡಿಗನಹಳ್ಳಿಯಲ್ಲಿ ಯಾರದೋ ಮದುವೆಗೆ ಕಂಬ ನೆಡಿಸುತ್ತ ನಿಂತವರು, ಎದೆ ಹಿಡಿದುಕೊಂಡು ಪಕ್ಕದ ಕುರ್ಚಿಯ ಮೇಲೆ ಕೂತರಂತೆ, ಅಷ್ಟೇ. ಹಾಸನದ ಆಸ್ಪತ್ರೆಯವರೆಗೂ ಹೋಗಲಿಲ್ಲ. ಶಾಮಿಯಾನದ ಸಾಮಾನನ್ನೆಲ್ಲ ಅತ್ತೆ ಬೇರೆಯವರಿಗೆ ಕೊಟ್ಟುಬಿಟ್ಟರು. ಈಗ ನಮ್ಮ ಕಡೆಯ ಕಾರ್ಯಗಳಲ್ಲಿ ವರನ ತಂದೆಗೆ ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ. ನೋಡಿದರೆ ಏನೋ ಕೊರತೆ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಅದಕ್ಕೆ ಕೆಲವು ವಾರ ಮುಂಚೆ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಮಧ್ಯಾಹ್ನ ಹಾರ್ನುಗಳ ಗದ್ದಲ. ತಿರುಗಿ ನೋಡಿದರೆ ಸಾಲಾಗಿ ಲಾರಿ, ಕಾರು, ಟ್ರ್ಯಾಕ್ಟರು, ಎಲ್ಲಕ್ಕೂ ಮುಂದೆ ನಡಿಗೆಯ ವೇಗದಲ್ಲಿ ಮಾವನ ಪಿಕಪ್ಪು. ಕೆಟ್ಟಿದೆಯೇನೋ ಎಂದು ಓಡಿಹೋಗಿ "ಮಾವಾ!" ಎಂದು ಕೂಗಿದೆ.

ಮಾವ ತುಟಿಯ ಮೇಲೆ ಬೆರಳಿಟ್ಟರು. ಪಕ್ಕದಲ್ಲಿ ಗೌರತ್ತೆ, ವಾಸಿಯಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮಾವನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು.

"ಕೂಗ್ಬ್ಯಾಡ ಕಣವ್ವ" ಎಂದರು ಮಾವ ಪಿಸುದನಿಯಲ್ಲಿ. ಅವರು ಪಿಸುಗುಟ್ಟಬಲ್ಲರು ಎಂಬುದೇ ನನಗೆ ಗೊತ್ತಿರಲಿಲ್ಲ. "ಈ ರಸ್ತೇಲಿ ಬರೀ ಗುಂಡಿ. ಎಚ್ರ ಆಗೋಯ್ತದೆ."

ಹಿಂದಿನ ಲಾರಿಯವನು ಇಳಿದು ಕೈ ಬೀಸುತ್ತ ಬಂದ. "ಏನ್ ಗುರುವೇ, ಗಾಡಿ ಓಡ್ಸಕ್ಕೆ ಬರಕಿಲ್ವಾ ನಿಂಗೆ?"

 ಮಾವ ಭುಜ ಅಲುಗದ ಹಾಗೆ ಬಲಗೈಯಿಂದ ಪಕ್ಕಕ್ಕೆ ತೋರಿಸಿದರು. ಲಾರಿಯವನು ಬಗ್ಗಿ ಒಳಗೆ ನೋಡಿದ. ಹಿಂತಿರುಗಿ ಹೋಗಿ ತನ್ನ ಲಾರಿ ಹತ್ತಿದ. ಆಮೇಲೆ ಹಾರ್ನು ಕೇಳಲಿಲ್ಲ. ಪೇಟೆಯ ತಿರುವು ದಾಟುವವರೆಗೂ ಆ ಸಾಲು ಮಾವನ ಹಿಂದೆ, ಒಂದೊಂದೇ ಗುಂಡಿ ತಪ್ಪಿಸುತ್ತ, ಸದ್ದಿಲ್ಲದೆ ಹೋಯಿತು.