ನಾಲ್ಕು ತಾಸು ಹಲಗೆ ಬಾರಿಸಿದ ಚಂದ್ರಾಮ

ನನ್ನ ಗಂಡ ಚಂದ್ರಾಮ ಹೈದರಾಬಾದಿಗೆ ಬಂದದ್ದು ಗೋಡೆ ಕಟ್ಟಲಿಕ್ಕೆ. ನಾವು ಸೇಡಂ ಕಡೆಯವರು. ಆಗ ಮಾದಾಪುರದಲ್ಲಿ ಬರೀ ಬಂಡೆ. ಬಂಡೆ ಒಡೆದು ಕಂಪ್ಯೂಟರ್ ಕಂಪನಿಗಳಿಗೆ ಗಾಜಿನ ಬಿಲ್ಡಿಂಗ್ ಎಬ್ಬಿಸಿದರು. ಅವನು ಕಲ್ಲು ಹೊತ್ತ, ನಾನು ಸಿಮೆಂಟಿನ ಬುಟ್ಟಿ ಹೊತ್ತೆ. ಆರನೇ ವರ್ಷ ಅವನು ಸಾರುವೆ ಮೇಲಿಂದ ಬಿದ್ದ. ಸೊಂಟ ಹೋಯಿತು. ಆಮೇಲೆ ಭಾರ ಎತ್ತಲು ಆಗಲಿಲ್ಲ.

ಅವನಿಗೆ ಬರುತ್ತಿದ್ದ ಇನ್ನೊಂದು ಕೆಲಸ ಹಲಗೆ ಬಾರಿಸುವುದು. ಊರಲ್ಲಿ ಹೆಣಕ್ಕೂ ಮದುವೆಗೂ ಅವರ ಮನೆಯವರೇ ಬಾರಿಸಬೇಕು. ಕರೆದವರು ಕೈ ಎತ್ತಿ ಸಾಕು ಅನ್ನುವ ತನಕ ನಿಲ್ಲಿಸಬಾರದು. ಒಮ್ಮೆ ನೀರು ಕುಡಿಯಲು ನಿಲ್ಲಿಸಿದ್ದಕ್ಕೆ ನನ್ನ ಮಾವನನ್ನು ಗೌಡರ ಮನೆಯವರು ಎಲ್ಲರೆದುರು ಹೊಡೆದಿದ್ದರು. ಎಂಟು ವರ್ಷದವನಿದ್ದಾಗ ಚಂದ್ರಾಮ ಅದನ್ನು ನಿಂತು ನೋಡಿದ್ದ.

ವಾರ್ಡ್ ಆಫೀಸಿನವರಿಗೆ ಹಲಗೆಯವನು ಬೇಕಾಗಿದ್ದ. ಮನೆ ತೆರಿಗೆ ಕಟ್ಟದವರ ಬಾಗಿಲ ಮುಂದೆ ಬಾರಿಸುವುದು. ಓಣಿ ಮಂದಿ ಹೊರಗೆ ಬಂದು ನೋಡುತ್ತಾರೆ, ಮನೆಯವರು ನಾಚಿಕೊಂಡು ಎಲ್ಲಿಂದಾದರೂ ದುಡ್ಡು ತರುತ್ತಾರೆ. ದಿನಗೂಲಿ. ಐದು ವರ್ಷ ಬಾರಿಸಿದ. ಎಲ್ಲಾ ನಮ್ಮಂಥವರ ಓಣಿಗಳೇ. ಒಬ್ಬಳು ಕಿವಿಯ ಓಲೆ ಬಿಚ್ಚಿ ಕೊಟ್ಟಳಂತೆ. ಆ ದಿನ ಅವನು ಉಣ್ಣಲಿಲ್ಲ.

"ದೊಡ್ಡವರ ಮನಿ ಮುಂದ ಯಾಕ ಬಾರ್ಸಂಗಿಲ್ಲ?" ಎಂದು ಕೇಳಿದೆ.

"ಅವ್ರಿಗಿ ನಾಚಿಕಿ ಬರಬೇಕಲ್ಲ ಗದಿಗಿ," ಅಂದು ನಕ್ಕ. ನನ್ನ ಹೆಸರು ಗದಿಗೆಮ್ಮ. ಅವನು ಹಾಗೆ ಕರೆಯುತ್ತಿದ್ದ.

ಆಮೇಲೆ ಪ್ರಾಣೇಶ ಸಾಹೇಬರು ತೆರಿಗೆ ಇನ್‌ಸ್ಪೆಕ್ಟರ್ ಆಗಿ ಬಂದರು. ಮೂರು ತಲೆಮಾರಿಂದ ಹೈದರಾಬಾದಿನಲ್ಲಿ ನೌಕರಿ ಮಾಡಿದ ಮನೆತನ. ಮನೆ ಮಾತು ಕನ್ನಡ. ಅವರಿಗೆ ಮಾದಾಪುರದ ಒಂದು ಬಿಲ್ಡಿಂಗ್ ಕಣ್ಣಿಗೆ ಬಿತ್ತು. ಐದು ಅಂತಸ್ತು. ಮೂರು ವರ್ಷದಿಂದ ಒಳಗೆ ಕಂಪನಿ ನಡೆದಿದೆ. ಕಾಗದದಲ್ಲಿ ಮಾತ್ರ ಇನ್ನೂ ಕಟ್ಟುವುದು ಮುಗಿದಿಲ್ಲ. ಆದ್ದರಿಂದ ಖಾಲಿ ಜಾಗದ ತೆರಿಗೆ. ಮಾಲಕ ಚುನಾವಣೆಗೆ ಎರಡೂ ಪಾರ್ಟಿಗೆ ದುಡ್ಡು ಕೊಡುತ್ತಿದ್ದ. ಯಾರು ಗೆದ್ದರೂ ಅವನ ಮನೆಗೆ ಊಟಕ್ಕೆ ಬರುತ್ತಿದ್ದರು.

"ಈ ಸಲ ಮ್ಯಾಲಿನವರು ಹೂಂ ಅಂದಾರ, ಚಂದ್ರಾಮ," ಎಂದರು ಸಾಹೇಬರು. "ಈ ಟ್ಯಾಕ್ಸ್ ಬಂತಂದ್ರ ನಿನ್ನ ಪರ್ಮನೆಂಟ್ ಮಾಡಸ್ತೀನಿ."

ಪರ್ಮನೆಂಟ್ ಅಂದರೆ ನಮ್ಮ ಮಗಳು ಶೈಲಾ ಸಿಮೆಂಟಿನ ಬುಟ್ಟಿ ಹೊರುವುದಿಲ್ಲ. ನಮಗೆ ಅಷ್ಟೇ ಬೇಕಾಗಿತ್ತು.

ಮಾರ್ಚ್ ಕೊನೆಯ ವಾರ. ಅಂದು ನಡೆದದ್ದನ್ನು ನನಗೆ ಹೇಳಿದವನು ಆ ಗೇಟಿನ ವಾಚ್‌ಮನ್ ಅಮರಯ್ಯ. ಹುಮನಾಬಾದ್ ಕಡೆಯವನು.

ಹತ್ತು ಗಂಟೆಗೆ ಜೀಪು ಬಂತು. ಸಾಹೇಬರು "ಬಾರ್ಸು" ಅಂದರು. ಇವನು ಶುರು ಮಾಡಿದ. ಹತ್ತು ನಿಮಿಷಕ್ಕೆ ಸಾಹೇಬರಿಗೆ ಫೋನ್ ಬಂತು. "ಎಸ್ ಸರ್, ಎಸ್ ಸರ್" ಅಂದರು, ಮುಖ ಒರೆಸಿಕೊಂಡು ಜೀಪು ಹತ್ತಿದರು. ಜೀಪು ಹೋಯಿತು. ಇವನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಒಂದು ತಾಸಿನ ಮೇಲೆ ಅಮರಯ್ಯ ಹತ್ತಿರ ಹೋದ.

"ಕಾಕಾ, ನಿಮ್ಮ ಸಾಹೇಬ್ರು ಹೋಗಿ ತಾಸಾತು. ಯಾರ ಸಲುವಾಗಿ ಬಾರ್ಸಾಕತ್ತಿ?"

"ನಿಲ್ಸು ಅಂದಿಲ್ಲೋ ತಮ್ಮಾ."

"ಮರತಾರ."

"ನೆನಪಾಗಿ ತಿರಗಿ ಬಂದಾಗ ನಾ ಸುಮ್ಮ ಕುಂತಿದ್ರ? ನೌಕರಿ ನೀ ಕೊಡ್ತೀಯೇನು?"

"ಕೊಡಾಕ ನಂದೇ ಪರ್ಮನೆಂಟ್ ಇಲ್ಲ, ಕಾಕಾ."

ಇಬ್ಬರೂ ನಕ್ಕರಂತೆ. ಬಾರಿಸುತ್ತಲೇ ನನ್ನ ಗಂಡ ಕೇಳಿದ: "ಒಳಗ ಮಾಲಕರು ಏನಂತಾರ?"

"ಮಾಲಕರು ಇಲ್ಲಿ ಇರಂಗೇ ಇಲ್ಲ. ಅದು ಡಬಲ್ ಗಾಜು, ಎಸಿ ನಡದೈತಿ. ಒಳಗ ಏನೂ ಕೇಳ್ಸಂಗಿಲ್ಲ."

ಆದರೂ ಬಾರಿಸಿದ. ಹನ್ನೆರಡಾಯಿತು, ಒಂದಾಯಿತು. ಊಟಕ್ಕೆ ಹೊರಬಿದ್ದ ಕಂಪನಿಯವರು ಏನೋ ಹಬ್ಬ ಅಂದುಕೊಂಡು ಫೋಟೋ ತೆಗೆದರು. ಒಬ್ಬಳು ಅವನ ಕಾಲ ಹತ್ತಿರ ಹತ್ತು ರೂಪಾಯಿ ಇಟ್ಟು ಹೋದಳು. ನೆರಳು ಇದ್ದದ್ದು ಗೇಟಿನ ಒಳಗೆ. ಅಮರಯ್ಯ ಕರೆದ, ಇವನು ಹೋಗಲಿಲ್ಲ. ಹಲಗೆ ಹಿಡಿದು ದೊಡ್ಡವರ ಬಾಗಿಲು ದಾಟಿ ಅವನಿಗೆ ರೂಢಿ ಇರಲಿಲ್ಲ. ಎರಡು ಗಂಟೆಗೆ ಬಿಸಿಲಲ್ಲೇ ಬಿದ್ದ. ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಪರಿಹಾರ ಕೇಳಲು ನಾನು ವಾರ್ಡ್ ಆಫೀಸಿಗೆ ಹೋದೆ. ಚಂದ್ರಾಮ ಅನ್ನುವ ಹೆಸರಿನವರು ಇಲ್ಲಿ ಯಾರೂ ಕೆಲಸಕ್ಕೆ ಇರಲಿಲ್ಲ ಅಂದರು. ಐದು ಸಲ ಹೋದೆ.

ತಿಂಗಳ ಮೇಲೆ ಪ್ರಾಣೇಶ ಸಾಹೇಬರೇ ನಮ್ಮ ಗುಡಿಸಲಿಗೆ ಬಂದರು. ಕೂತುಕೊಳ್ಳಲಿಲ್ಲ. ತೆಲುಗಿನ ಒಂದು ಕಾಗದ ಕೊಟ್ಟರು. ಶೈಲಾ ಓದಿ, ಅದರಲ್ಲಿದ್ದದ್ದನ್ನು ಹೇಳಿದಳು: ಚಂದ್ರಾಮ ಕುಡಿದಿದ್ದ. ಯಾರೂ ಕಳಿಸದೆ ತಾನೇ ಹೋಗಿ ಗಲಾಟೆ ಮಾಡಿದ. ಆಫೀಸಿಗೂ ಅವನಿಗೂ ಸಂಬಂಧವಿಲ್ಲ. ಕೆಳಗೆ ನನ್ನ ಸಹಿಗೆ ಜಾಗ.

"ನನ್ನ ಗಂಡ ಕುಡೀತಿದ್ದಿಲ್ರಿ, ಸಾಹೇಬ್ರ."

"ಗೊತ್ತದ, ಅವ್ವಾ."

"ಮತ್ತ?"

"ಸಹಿ ಮಾಡಿದ್ರ ನಿನಗ ಕಸ ಗುಡಿಸೋ ಕೆಲಸ. ಪರ್ಮನೆಂಟ್. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ. ನನಗೂ ಟ್ರಾನ್ಸ್‌ಫರ್ ಆಗೇದ."

"ಆ ಬಿಲ್ಡಿಂಗಿನವ್ರು ಟ್ಯಾಕ್ಸ್ ಕಟ್ಟಿದ್ರೇನ್ರಿ?"

ಅವರು ನೆಲ ನೋಡಿದರು. "ಇಲ್ಲ. ಚುನಾವಣೆ ಬಂತು. ಈಗ ಯಾರೂ ಮುಟ್ಟಂಗಿಲ್ಲ."

"ಚುನಾವಣೆ ಮುಗದ ಮ್ಯಾಲ?"

"ಆಗ ಗೆದ್ದವ್ರು ಬರ್ತಾರಲ್ಲ."

ಆ ವರ್ಷ ನಮ್ಮಂಥವರ ಓಣಿಗಳಿಂದ ತೆರಿಗೆ ಪೂರ್ತಿ ಬಂದಿತ್ತು. ಬಾರಿಸಿದವನು ನನ್ನ ಗಂಡ.

"ಅವ್ವಾ, ಮಾಡಬ್ಯಾಡ," ಅಂದಳು ಶೈಲಾ. "ಅಪ್ಪ ಕುಡದಿದ್ದಿಲ್ಲ."

ನಾನು ಅವಳ ಕೈ ನೋಡಿದೆ. ಹದಿಮೂರು ವರ್ಷದ ಕೈ. ಇನ್ನೂ ಮೆತ್ತಗಿತ್ತು. ಪೆನ್ನು ಇಸಿದುಕೊಂಡೆ. ಹೆಬ್ಬೆಟ್ಟು ಸಾಕು ಅಂದರು ಸಾಹೇಬರು. ನಾನು ಕನ್ನಡದಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದವಳು. ಹೆಸರು ಪೂರ್ತಿ ಬರೆದೆ.

ಶೈಲಾ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಅವಳು ಶಾಲೆಗೆ ಹೋದಳು, ನಾನು ಮೆಹದಿಪಟ್ಟಣದ ಬಸ್ ಸ್ಟ್ಯಾಂಡ್ ಗುಡಿಸಲು ಹೋದೆ. ಎರಡು ವರ್ಷವಾಯಿತು. ಸಂಬಳ ತಪ್ಪದೆ ಬರುತ್ತದೆ. ಅವಳು ಓದುತ್ತಿದ್ದಾಳೆ. ಅಪ್ಪನ ಹೆಸರನ್ನು ಮಾತ್ರ ನನ್ನ ಮುಂದೆ ಎತ್ತುವುದಿಲ್ಲ.